ಎಪಿ ಎಣಿಸಬೇಡಿ, ಗಂಟೆ ಎಣಿಸಿ: ಅಮೆರಿಕದ ಹೈಸ್ಕೂಲಿನಲ್ಲಿ ಕೋರ್ಸ್ ಆರಿಸುವ ಬಗೆ

ಪಿಯುಸಿಗೆ ಸೇರುವಾಗ ಪಿಸಿಎಂಬಿಯೋ ಪಿಸಿಎಂಸಿಯೋ ಎಂದು ಒಂದು ಸಲ ಟಿಕ್ ಹಾಕಿದರೆ ಎರಡು ವರ್ಷಕ್ಕೆ ಮುಗಿಯಿತು. ಅಮೆರಿಕದ ಹೈಸ್ಕೂಲಿನಲ್ಲಿ ಹಾಗಲ್ಲ. 9ರಿಂದ 12ನೇ ತರಗತಿಯವರೆಗೆ ನಾಲ್ಕು ವರ್ಷ, ವರ್ಷಕ್ಕೆ ಆರರಿಂದ ಎಂಟು ವಿಷಯ, ಒಂದೊಂದು ವಿಷಯಕ್ಕೂ ಎರಡು ಮೂರು ಮಟ್ಟ: ರೆಗ್ಯುಲರ್, ಅದಕ್ಕಿಂತ ಕಠಿಣವಾದ ಆನರ್ಸ್, ಕಾಲೇಜು ಮಟ್ಟದ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್), ಕೆಲವು ಶಾಲೆಗಳಲ್ಲಿ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲಾರಿಯೆಟ್). ಹೆಚ್ಚಿನ ಶಾಲೆಗಳಲ್ಲಿ ಜನವರಿಯಿಂದ ಮಾರ್ಚ್ ನಡುವೆ ಮುಂದಿನ ವರ್ಷದ ಫಾರಂ ಕೈಗೆ ಬರುತ್ತದೆ. ಅಷ್ಟರಲ್ಲಿ ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ “ನಮ್ಮವನು ಈ ಸಲ ಐದು ಎಪಿ” ಎಂಬ ಮಾತು ಕಿವಿಗೆ ಬಿದ್ದಿರುತ್ತದೆ. ಅಲ್ಲಿಂದ ಲೆಕ್ಕ ದಾರಿ ತಪ್ಪುತ್ತದೆ.

ಏಕೆಂದರೆ “ಐದು ಎಪಿ” ಎಂಬುದು ಅಳತೆಯೇ ಅಲ್ಲ. ಹ್ಯೂಮನ್ ಜಿಯಾಗ್ರಫಿಯೂ ಒಂದು ಎಪಿ, ಕೆಮಿಸ್ಟ್ರಿಯೂ ಒಂದು ಎಪಿ. ಎರಡೂ ಕೇಳುವ ಸಮಯ ಒಂದೇ ಅಲ್ಲ. ಒಂದೇ ಎಪಿಯನ್ನು ಇಬ್ಬರು ಟೀಚರ್‌ಗಳು ಕಲಿಸಿದರೂ ಹೋಂವರ್ಕ್ ಎರಡು ಪಟ್ಟು ವ್ಯತ್ಯಾಸವಾಗಬಹುದು. ಭಾರ ತೂಗಬೇಕಾದ್ದು ಗಂಟೆಗಳಲ್ಲಿ. ಅದೂ ಸಾಮಾನ್ಯ ವಾರದ ಗಂಟೆಗಳಲ್ಲಿ ಮಾತ್ರವಲ್ಲ, ವರ್ಷದ ಅತಿ ಕೆಟ್ಟ ವಾರದ ಗಂಟೆಗಳಲ್ಲಿ.

1. ಹನ್ನೆರಡರಿಂದ ಹಿಂದಕ್ಕೆ ಬನ್ನಿ

ಒಂದು ಹಾಳೆಯಲ್ಲಿ ನಾಲ್ಕು ಕಂಬಸಾಲು ಎಳೆಯಿರಿ: 9, 10, 11, 12. ಅಡ್ಡಸಾಲುಗಳಲ್ಲಿ ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ, ವಿದೇಶಿ ಭಾಷೆ, ಕಲೆ, ಐಚ್ಛಿಕ. ತುಂಬುವುದು ಬಲಗಡೆಯಿಂದ. 12ರಲ್ಲಿ ಎಲ್ಲಿ ನಿಲ್ಲಬೇಕು ಎಂಬುದು ಗೊತ್ತಾದರೆ 9ರಲ್ಲಿ ಎಲ್ಲಿ ಹೊರಡಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಗಣಿತದ ಸರಪಳಿ ಎಲ್ಲಕ್ಕಿಂತ ಬಿಗಿ. ಆಲ್ಜೀಬ್ರಾ 1, ಜಾಮೆಟ್ರಿ, ಆಲ್ಜೀಬ್ರಾ 2, ಪ್ರೀಕ್ಯಾಲ್ಕುಲಸ್, ಕ್ಯಾಲ್ಕುಲಸ್: ಐದು ಮೆಟ್ಟಿಲು, ಹೈಸ್ಕೂಲಿಗೆ ನಾಲ್ಕೇ ವರ್ಷ. ಹಾಗಾಗಿ ಆಲ್ಜೀಬ್ರಾ 1 ಎಂಟನೇ ತರಗತಿಯಲ್ಲಿ ಮುಗಿದಿದ್ದರೆ 12ರಲ್ಲಿ ಕ್ಯಾಲ್ಕುಲಸ್ ಸಿಗುತ್ತದೆ. ಜಾಮೆಟ್ರಿಯೂ ಎಂಟಕ್ಕೇ ಮುಗಿದಿದ್ದರೆ 11ರಲ್ಲಿ. ಒಂದು ಮೆಟ್ಟಿಲು ಹಾರಲು ಬೇಸಿಗೆಯ ಆರು ವಾರದಲ್ಲಿ ಜಾಮೆಟ್ರಿ ಮುಗಿಸುವವರಿದ್ದಾರೆ. ಜಾಮೆಟ್ರಿಗೆ ಇದು ಹೇಗೋ ನಡೆಯುತ್ತದೆ, ಆಲ್ಜೀಬ್ರಾ 2ಕ್ಕೆ ನಡೆಯುವುದಿಲ್ಲ. ಕ್ಯಾಲ್ಕುಲಸ್‌ನಲ್ಲಿ ಎಡವುವ ಮಕ್ಕಳಲ್ಲಿ ಬಹಳಷ್ಟು ಜನಕ್ಕೆ ಡೆರಿವೇಟಿವ್ ಅರ್ಥವಾಗಿರುತ್ತದೆ. ಅದಾದ ಮೇಲಿನ ಭಿನ್ನರಾಶಿ, ಘಾತ, ತ್ರಿಕೋನಮಿತಿ ಕೈಕೊಡುತ್ತದೆ. ಆಲ್ಜೀಬ್ರಾ 2 ಮತ್ತು ಪ್ರೀಕ್ಯಾಲ್ಕುಲಸ್ ಗಟ್ಟಿಯಾಗಿ, ನಿಧಾನವಾಗಿ ಆಗಲಿ.

ಎಪಿ ಕ್ಯಾಲ್ಕುಲಸ್‌ನಲ್ಲಿ ಎಬಿ, ಬಿಸಿ ಎಂದು ಎರಡು ಕೋರ್ಸ್ ಇವೆ. ಯಾವುದು? ಬಿಸಿಯಲ್ಲಿ ಎಬಿಯ ಎಲ್ಲವೂ ಇದೆ, ಜೊತೆಗೆ ಸರಣಿಗಳು, ಪೋಲಾರ್, ಪ್ಯಾರಾಮೆಟ್ರಿಕ್ ಇತ್ಯಾದಿ. ಬಿಸಿ ಪರೀಕ್ಷೆ ಬರೆದವರಿಗೆ ಎಬಿ ಭಾಗದ ಅಂಕವೂ ಬೇರೆಯಾಗಿ ಬರುತ್ತದೆ. ಪ್ರೀಕ್ಯಾಲ್ಕುಲಸ್‌ನಲ್ಲಿ ಸಲೀಸಾಗಿ ಎ ಗ್ರೇಡ್ ಬಂದವರು ನೇರ ಬಿಸಿಗೆ ಹೋಗಬಹುದು. ತಿಣುಕಿ ತಿಣುಕಿ ಬಿ ಬಂದಿದ್ದರೆ ಎಬಿಯೇ ಸರಿ.

ವಿಜ್ಞಾನದಲ್ಲೂ ಮುನ್ನೋಟ ಬೇಕು. ಎಪಿ ಕೆಮಿಸ್ಟ್ರಿಗೆ ಮೊದಲು ಒಂದು ವರ್ಷದ ಸಾಮಾನ್ಯ ಕೆಮಿಸ್ಟ್ರಿಯೂ ಆಲ್ಜೀಬ್ರಾ 2ವೂ ಆಗಿರಬೇಕು. ಎಪಿ ಫಿಸಿಕ್ಸ್ 1ಕ್ಕೆ ಆಲ್ಜೀಬ್ರಾ ಸಾಕು; ಫಿಸಿಕ್ಸ್ ಸಿ ಬೇಕೆಂದರೆ ಕ್ಯಾಲ್ಕುಲಸ್ ಆಗಿರಬೇಕು, ಇಲ್ಲವೇ ಅದೇ ವರ್ಷ ನಡೆಯುತ್ತಿರಬೇಕು.

ಹಾಳೆ ತುಂಬಿದ ಮೇಲೆ ಎರಡು ಪಟ್ಟಿಗಳ ಜೊತೆ ತಾಳೆ ನೋಡಿ. ಒಂದು, ಶಾಲಾ ಜಿಲ್ಲೆ (ಆ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಹೈಸ್ಕೂಲು ಮುಗಿಸಲು ಕೇಳುವ ಕ್ರೆಡಿಟ್. ಪಿಇ, ಹೆಲ್ತ್, ಕೆಲವೆಡೆ ಪರ್ಸನಲ್ ಫೈನಾನ್ಸ್‌ನಂಥವು ಇದರಲ್ಲಿ ಅಡಗಿರುತ್ತವೆ. ಮರೆತರೆ 12ನೇ ತರಗತಿಯಲ್ಲಿ ಒಂದು ಪೀರಿಯಡ್ ನುಂಗುತ್ತವೆ. ಎರಡು, ಕಾಲೇಜುಗಳು ಕೇಳುವುದು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ‘ಎ–ಜಿ’ ಎಂಬ 15 ವಾರ್ಷಿಕ ಕೋರ್ಸ್‌ಗಳನ್ನು ಕೇಳುತ್ತದೆ: ಇತಿಹಾಸ 2, ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಇಂಗ್ಲಿಷ್ ಅಲ್ಲದ ಭಾಷೆ 2, ಕಲೆ 1, ಐಚ್ಛಿಕ 1. ಇವುಗಳಲ್ಲಿ 11 ಕೋರ್ಸ್ 12ನೇ ತರಗತಿಗೆ ಮೊದಲೇ ಮುಗಿದಿರಬೇಕು. ನಮ್ಮ ಮಕ್ಕಳು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಕಲೆಯ ಒಂದು ವರ್ಷದಲ್ಲಿ, ವಿಜ್ಞಾನದಲ್ಲಿ ಅಲ್ಲ.

ಮನೆಯಲ್ಲಿ ಕಲಿತ ಕನ್ನಡಕ್ಕೆ ಭಾಷೆಯ ಕ್ರೆಡಿಟ್ ಸಿಗುತ್ತದೆಯೇ ಎಂಬುದು ಜಿಲ್ಲೆಯಿಂದ ಜಿಲ್ಲೆಗೆ ಬೇರೆ. 9ನೇ ತರಗತಿ ಶುರುವಾಗುವ ಮೊದಲೇ ಕೋರ್ಸ್ ಆಯ್ಕೆಗೆ ಸಲಹೆ ಕೊಡುವ ಶಾಲೆಯ ಕೌನ್ಸೆಲರ್‌ಗೆ ಇಮೇಲ್ ಬರೆದು ಉತ್ತರವನ್ನು ಲಿಖಿತವಾಗಿ ಇಟ್ಟುಕೊಳ್ಳಿ.

2. ಕೈಯಲ್ಲಿರುವ ಗಂಟೆ ಎಷ್ಟು?

ಇದು ಮಗು ತಾನೇ ಕೂತು ಮಾಡಬೇಕಾದ ಲೆಕ್ಕ. ಅಪ್ಪ ಅಮ್ಮ ಮಾಡಿದರೆ ನಿದ್ದೆಗೆ ಕತ್ತರಿ ಬೀಳುತ್ತದೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎಂಬುದು ಅಮೆರಿಕದ ನಿದ್ರಾವೈದ್ಯರ ಅಕಾಡೆಮಿಯ ಶಿಫಾರಸು. ಅದನ್ನು ಮೊದಲು ಬರೆದು, ಉಳಿದದ್ದನ್ನು ಅದರ ಸುತ್ತ ಹೊಂದಿಸಿ.

ಹನ್ನೊಂದನೇ ತರಗತಿಗೆ ಹೊರಟ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಬೆಳಗ್ಗೆ 6:30ಕ್ಕೆ ಏಳುತ್ತಾಳೆ, 8ರಿಂದ 3 ಶಾಲೆ, 3:30ರಿಂದ 5:30 ಈಜಿನ ಅಭ್ಯಾಸ, 6ಕ್ಕೆ ಮನೆ, ಸ್ನಾನ ಊಟ ಮುಗಿಯುವಾಗ 7. ರಾತ್ರಿ 10ಕ್ಕೆ ಮಲಗಬೇಕಾದರೆ 9:30ಕ್ಕೆ ಪುಸ್ತಕ ಮುಚ್ಚಬೇಕು. ಅಂದರೆ ದಿನಕ್ಕೆ ಎರಡೂವರೆ ಗಂಟೆ. ಸೋಮವಾರದಿಂದ ಗುರುವಾರ 10 ಗಂಟೆ. ಶುಕ್ರವಾರ ರಾತ್ರಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಯಾರೂ ಓದುವುದಿಲ್ಲ. ಶನಿವಾರ ಈಜಿನ ಸ್ಪರ್ಧೆ ಕಳೆದು 3, ಭಾನುವಾರ 5. ಒಟ್ಟು 18.

ವಾರದ 168 ಗಂಟೆಯಿಂದ ಕಳೆಯುತ್ತಾ ಬಂದರೆ ಉತ್ತರ ಯಾವಾಗಲೂ ಇದಕ್ಕಿಂತ ದೊಡ್ಡದಾಗಿ ಬರುತ್ತದೆ. ಆ ಲೆಕ್ಕದಲ್ಲಿ ಬಸ್ಸಿನ ಇಪ್ಪತ್ತು ನಿಮಿಷ, ಊಟವಾದ ಮೇಲಿನ ಮಂಪರು ಎಲ್ಲವೂ ಓದುವ ಸಮಯವಾಗಿಬಿಡುತ್ತವೆ. ಗಡಿಯಾರ ಹಿಡಿದು ದಿನದಿನವೂ ಕೂಡುತ್ತಾ ಹೋಗುವುದೇ ಸರಿಯಾದ ವಿಧಾನ.

3. ಪ್ರತಿ ಕೋರ್ಸಿನ ಬೆಲೆ ಕೇಳಿ

ಈಗ ಒಂದೊಂದು ವಿಷಯದ ಮುಂದೆಯೂ ಎರಡು ಅಂಕಿ ಬರೆಯಬೇಕು: ಸಾಧಾರಣ ವಾರದ ಗಂಟೆ, ಪರೀಕ್ಷೆ ಇರುವ ವಾರದ ಗಂಟೆ. ಕೋರ್ಸ್ ಕ್ಯಾಟಲಾಗಿನಲ್ಲಿ ಇದು ಇರುವುದಿಲ್ಲ. ಸಿಗುವುದು ಎರಡೇ ಕಡೆ: ಕಲಿಸುವ ಟೀಚರ್ ಬಳಿ, ಕಳೆದ ವರ್ಷ ಅದೇ ಟೀಚರ್ ಬಳಿ ಕಲಿತ ಮಕ್ಕಳ ಬಳಿ. ಮಕ್ಕಳನ್ನು ಕೇಳುವಾಗ “ಕಷ್ಟನಾ?” ಎಂದು ಕೇಳಿದರೆ ಪ್ರಯೋಜನವಿಲ್ಲ. “ಹಿಂದಿನ ಬುಧವಾರ ಇದಕ್ಕೆ ಎಷ್ಟು ಹೊತ್ತು ಕೂತಿದ್ದೆ?” ಎಂದು ಕೇಳಬೇಕು. ಕನಿಷ್ಠ ಇಬ್ಬರನ್ನು ಕೇಳಿ: ಒಬ್ಬರು ಎ ಬಂದವರು, ಒಬ್ಬರು ಬಿ ಬಂದವರು.

ಓದು ಹೆಚ್ಚಿರುವ ವಿಷಯಗಳಿಗೆ ಇನ್ನೂ ಖಚಿತವಾದ ಒಂದು ಉಪಾಯ ಇದೆ. ಎಪಿ ಅಮೆರಿಕನ್ ಇತಿಹಾಸದ ಪಠ್ಯಪುಸ್ತಕವನ್ನು ಒಂದು ದಿನಕ್ಕೆ ಎರವಲು ತನ್ನಿ. ಮಧ್ಯದ ಯಾವುದಾದರೂ ಹತ್ತು ಪುಟ ತೆರೆದು, ಟಿಪ್ಪಣಿ ಬರೆಯುತ್ತಾ ಓದಲು ಹೇಳಿ, ಗಡಿಯಾರ ನೋಡಿ. 40 ನಿಮಿಷ ಆಯಿತು ಎನ್ನೋಣ. ಟೀಚರ್ ವಾರಕ್ಕೆ 30 ಪುಟ ಕೊಡುತ್ತಾರೆಂದರೆ ಓದಿಗೇ ಎರಡು ಗಂಟೆ. ಅದರ ಮೇಲೆ ಕ್ವಿಝ್‌ಗೆ ತಯಾರಿ ಒಂದು ಗಂಟೆ, ಏಳು ದಾಖಲೆಗಳನ್ನು ಮುಂದಿಟ್ಟು ಬರೆಸುವ ಪ್ರಬಂಧದ ಅಭ್ಯಾಸಕ್ಕೆ ಎರಡು. ಐದು ಗಂಟೆಯಾಯಿತು. ಅದೇ ಹತ್ತು ಪುಟಕ್ಕೆ 20 ನಿಮಿಷ ಸಾಕಾಗುವ ಮಗುವಿಗೆ ಇದೇ ಕೋರ್ಸ್ ನಾಲ್ಕು ಗಂಟೆ. ಕೋರ್ಸ್ ಒಂದೇ, ಬೆಲೆ ಬೇರೆ.

4. ಕೂಡಿ, ಕಳೆಯಿರಿ

ನಮ್ಮ ಈಜುಗಾರ್ತಿ ಎಂಟರಲ್ಲೇ ಜಾಮೆಟ್ರಿ, ಹತ್ತರಲ್ಲಿ ಆನರ್ಸ್ ಕೆಮಿಸ್ಟ್ರಿ ಮುಗಿಸಿದವಳು. ಮುಂದೆ ಎಂಜಿನಿಯರಿಂಗ್ ಓದುವ ಯೋಚನೆ. ಅವಳ ಮೊದಲ ಪಟ್ಟಿ, ವಿಚಾರಿಸಿ ಬರೆದ ಅಂದಾಜು ಗಂಟೆಗಳ ಸಮೇತ:

ಎಪಿ ಅಮೆರಿಕನ್ ಇತಿಹಾಸ – 5
ಎಪಿ ಕೆಮಿಸ್ಟ್ರಿ – 6
ಎಪಿ ಇಂಗ್ಲಿಷ್ ಲ್ಯಾಂಗ್ವೇಜ್ – 4
ಎಪಿ ಕ್ಯಾಲ್ಕುಲಸ್ ಬಿಸಿ – 5
ಸ್ಪ್ಯಾನಿಷ್ 3 – 2
ಆರ್ಕೆಸ್ಟ್ರಾ – 1.5

ಒಟ್ಟು 23.5. ಇರುವುದು 18. ಈ ಐದೂವರೆ ಗಂಟೆ ಎಲ್ಲಿಂದ ಬರುತ್ತದೆ ಎಂದು ಕೇಳುವ ಅಗತ್ಯವೇ ಇಲ್ಲ, ನಿದ್ದೆಯಿಂದ. ಅಕ್ಟೋಬರ್ ಹೊತ್ತಿಗೆ ರಾತ್ರಿ 12 ಆಗುತ್ತದೆ, ಡಿಸೆಂಬರ್‌ಗೆ 1.

ಮೊದಲು ಶಾಲೆಯ ಹೊರಗೆ ನೋಡಿ, ಅಗ್ಗದ ಉಳಿತಾಯ ಸಾಮಾನ್ಯವಾಗಿ ಅಲ್ಲಿದೆ. ಈಜು ವಾರಕ್ಕೆ ಐದರ ಬದಲು ಮೂರು ದಿನ ಆದರೆ ಎರಡು ಸಂಜೆ ತಲಾ ಒಂದೂವರೆ ಗಂಟೆ ವಾಪಸ್ ಬರುತ್ತದೆ: 21. ಆಮೇಲೆ ಗುರಿಗೆ ದೂರವಾದ ವಿಷಯದ ಮಟ್ಟ ಇಳಿಸಿ. ಇತಿಹಾಸ ರೆಗ್ಯುಲರ್ ಆದರೆ 2, ಇಂಗ್ಲಿಷ್ ಆನರ್ಸ್ ಆದರೆ 2.5. ಪಟ್ಟಿ 19ಕ್ಕೆ ಬಂತು, ಎರಡು ಗಂಟೆ ಉಸಿರಾಡಲು ಉಳಿಯಿತು. ಆ ಎರಡು ಗಂಟೆಯನ್ನು ಯಾವ ಕಾರಣಕ್ಕೂ ತುಂಬಬೇಡಿ. ಜ್ವರ ಬಂದ ವಾರ, ಮನೆಗೆ ನೆಂಟರು ಬಂದ ವಾರ, ಲ್ಯಾಬ್ ರಿಪೋರ್ಟ್ ಮೂರನೇ ಸಲ ಬರೆಯಬೇಕಾದ ವಾರ ಅದರಿಂದ ಸಾಗಬೇಕು.

ಅವಳಿಗೆ ಕಾನೂನು ಓದುವ ಆಸೆ ಇದ್ದಿದ್ದರೆ ಕತ್ತರಿ ಬೇರೆ ಕಡೆ ಬೀಳಬೇಕಿತ್ತು: ಇತಿಹಾಸ, ಇಂಗ್ಲಿಷ್ ಎಪಿಯಾಗಿ ಉಳಿದು ಕೆಮಿಸ್ಟ್ರಿಯ ಜಾಗಕ್ಕೆ ರೆಗ್ಯುಲರ್ ಫಿಸಿಕ್ಸ್ ಬರುತ್ತಿತ್ತು. ಎರಡು ದೋಣಿಯಲ್ಲಿ ಕಾಲಿಡುವ ಮಕ್ಕಳೇ ನಾಲ್ಕು ಎಪಿಗೆ ಬಂದು ನಿಲ್ಲುವುದು.

ಗಂಟೆ ಸರಿಹೋದರೂ ಇನ್ನೊಂದು ತೊಡಕು ಉಳಿಯುತ್ತದೆ: ಒಂದೇ ಬಗೆಯ ಕೆಲಸದ ರಾಶಿ. ಎರಡು ಪ್ರಬಂಧದ ವಿಷಯ ಸೇರಿದರೆ ಒಂದೇ ವಾರ ಎರಡು ಪ್ರಬಂಧ ಬೀಳುತ್ತವೆ. ಎರಡು ಲ್ಯಾಬ್ ವಿಜ್ಞಾನ ಸೇರಿದರೆ ರಿಪೋರ್ಟ್‌ಗಳ ಸಾಲು. ಲೆಕ್ಕ ಬಿಡಿಸಿ ದಣಿದ ತಲೆ ಕಾದಂಬರಿ ಓದಬಲ್ಲದು, ಇನ್ನೊಂದು ಲೆಕ್ಕದ ಹಾಳೆಯನ್ನು ನೋಡಲಾರದು. ಮೇ ತಿಂಗಳ ಮೊದಲ ಎರಡು ವಾರಗಳಲ್ಲೇ ಎಪಿ ಪರೀಕ್ಷೆಗಳೆಲ್ಲ ಬರುವುದರಿಂದ ಏಪ್ರಿಲ್ ಪೂರ್ತಿ ಎಲ್ಲ ಎಪಿಗಳ ಭಾರ ಒಟ್ಟಿಗೆ ಏರುತ್ತದೆ ಎಂಬುದೂ ನೆನಪಿರಲಿ. ನಾಟಕ, ರೊಬೊಟಿಕ್ಸ್, ರಂಗಪ್ರವೇಶ ಆ ಆರು ವಾರದಲ್ಲಿ ಇದ್ದರೆ ಒಂದನ್ನು ಸರಿಸಿ.

5. ವರ್ಷದಿಂದ ವರ್ಷಕ್ಕೆ

9ರಲ್ಲಿ ಆನರ್ಸ್ ಒಂದೆರಡು, ಎಪಿ ಇದ್ದರೆ ಒಂದು, ಅಷ್ಟೇ. ಈ ವರ್ಷದ ನಿಜವಾದ ಪಾಠ ಕ್ಯಾಲೆಂಡರ್ ಇಟ್ಟುಕೊಳ್ಳುವುದು. 10ರಲ್ಲಿ ಒಂದೋ ಎರಡೋ ಎಪಿ. 11 ಎಲ್ಲಕ್ಕಿಂತ ಭಾರದ ವರ್ಷ: ಅಕ್ಟೋಬರ್‌ನಲ್ಲಿ ಎಸ್‌ಎಟಿಗೆ ತಾಲೀಮಿನಂಥ ಪಿಎಸ್‌ಎಟಿ, ವಸಂತಕ್ಕೆ ಕಾಲೇಜು ಪ್ರವೇಶ ಪರೀಕ್ಷೆಗಳಾದ ಎಸ್‌ಎಟಿ ಅಥವಾ ಎಸಿಟಿ, ಮೇಗೆ ಎಪಿ. ಎಸ್‌ಎಟಿ ತಯಾರಿಗೂ ವಾರಕ್ಕೆ ಎರಡು ಗಂಟೆ ಪಟ್ಟಿಯಲ್ಲಿ ಸೇರಿಸಿ, ಇಲ್ಲವೇ ಹಿಂದಿನ ಬೇಸಿಗೆಯಲ್ಲೇ ಮುಗಿಸಿ.

ಎಲ್ಲರೂ ತಪ್ಪುವುದು 12ರಲ್ಲಿ. ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಆನ್‌ಲೈನ್ ತಾಣ ಕಾಮನ್ ಆ್ಯಪ್ ಆಗಸ್ಟ್ 1ಕ್ಕೆ ತೆರೆಯುತ್ತದೆ, ಬಹಳಷ್ಟು ಅರ್ಲಿ (ಮುಂಚಿತ) ಅರ್ಜಿಗಳ ಗಡುವು ನವೆಂಬರ್ 1 ಅಥವಾ 15, ಉಳಿದವು ಜನವರಿ ಮೊದಲ ವಾರದ ಆಸುಪಾಸು. ಹತ್ತು ಕಾಲೇಜಿಗೆ ಅರ್ಜಿ ಹಾಕುವ ಮಗು ಒಂದು ಮುಖ್ಯ ಪ್ರಬಂಧದ ಜೊತೆ ಹದಿನೈದು ಇಪ್ಪತ್ತು ಚಿಕ್ಕ ಪ್ರಬಂಧ ಬರೆಯಬೇಕಾಗಬಹುದು. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಇದೂ ವಾರಕ್ಕೆ ಐದು ಗಂಟೆಯ ಒಂದು ಕೋರ್ಸು, ಗ್ರೇಡ್ ಇಲ್ಲ ಅಷ್ಟೇ. ಪಟ್ಟಿಯಲ್ಲಿ ಅದಕ್ಕೆ ಒಂದು ಸಾಲು ಕೊಡಿ. ಹಾಗೆಂದು 12ರಲ್ಲಿ ಕೈಬಿಟ್ಟು ಕೂರುವಂತೆಯೂ ಇಲ್ಲ. ಅರ್ಧ ವರ್ಷದ ಗ್ರೇಡ್‌ಗಳು ಹಲವು ಕಾಲೇಜುಗಳಿಗೆ ಹೋಗುತ್ತವೆ. ಕೊನೆಯ ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ಸೇರುವ ಕಾಲೇಜಿಗೆ ಹೋಗಲೇಬೇಕು. ಗ್ರೇಡ್ ತೀರಾ ಕುಸಿದರೆ ಕೊಟ್ಟ ಸೀಟನ್ನು ವಾಪಸ್ ಪಡೆಯುವ ಹಕ್ಕು ಅವರಿಗಿದೆ.

ಪಕ್ಕದ ಮನೆಯ ಲೆಕ್ಕ ಯಾಕೆ ಹೊಂದುವುದಿಲ್ಲ

ಅರ್ಜಿಯ ಜೊತೆ ಶಾಲೆಯ ಪ್ರೊಫೈಲ್ ಹೋಗುತ್ತದೆ. ಅಲ್ಲಿ ಎಷ್ಟು ಎಪಿ ಕಲಿಸುತ್ತಾರೆ, ಗ್ರೇಡ್ ಹೇಗೆ ಎಣಿಸುತ್ತಾರೆ ಎಂಬುದೆಲ್ಲ ಅದರಲ್ಲಿರುತ್ತದೆ. ಇದೇ ಶಾಲೆಯ ಇತರರಿಗೆ ಹೋಲಿಸಿದರೆ ಈ ವಿದ್ಯಾರ್ಥಿ ಆರಿಸಿಕೊಂಡ ಕೋರ್ಸ್‌ಗಳು ಎಷ್ಟು ಕಠಿಣ ಎಂದು ಕೌನ್ಸೆಲರ್‌ರನ್ನು ಕೇಳುವ ಪ್ರಶ್ನೆಯೂ ಇದೆ. ಎಂಟೇ ಎಪಿ ಇರುವ ಶಾಲೆಯ ಐದನ್ನೂ ಇಪ್ಪತ್ತೈದು ಇರುವ ಶಾಲೆಯ ಐದನ್ನೂ ಒಂದೇ ತಕ್ಕಡಿಯಲ್ಲಿ ಇಡುವುದಿಲ್ಲ.

ವೆಯ್ಟೆಡ್ ಜಿಪಿಎ (ಕಠಿಣ ಕೋರ್ಸಿಗೆ ಹೆಚ್ಚು ಪಾಯಿಂಟ್ ಕೊಟ್ಟು ತೆಗೆದ ಗ್ರೇಡ್‌ಗಳ ಸರಾಸರಿ) ಆಸೆಯೂ ಹಾಗೆಯೇ. ಶಾಲೆ ಎಪಿಗೆ ಒಂದು ಪಾಯಿಂಟ್ ಹೆಚ್ಚು ಕೊಡಬಹುದು, ಆದರೆ ಎಷ್ಟೋ ಕಾಲೇಜುಗಳು ತಮ್ಮದೇ ಲೆಕ್ಕ ಹಾಕಿಕೊಳ್ಳುತ್ತವೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಪ್ರವೇಶಾರ್ಹತೆಯ ಜಿಪಿಎಗೆ 10 ಮತ್ತು 11ನೇ ತರಗತಿಯ ಎ–ಜಿ ಗ್ರೇಡ್‌ಗಳನ್ನು ಹಿಡಿಯುತ್ತದೆ. ಹೆಚ್ಚುವರಿ ಪಾಯಿಂಟ್ ಸಿಗುವುದು ಗರಿಷ್ಠ ಎಂಟು ಸೆಮಿಸ್ಟರ್‌ಗೆ, ಅದರಲ್ಲಿ 10ನೇ ತರಗತಿಯವು ನಾಲ್ಕಕ್ಕಿಂತ ಹೆಚ್ಚಿರುವಂತಿಲ್ಲ. ಅಂದರೆ ನಾಲ್ಕು ವಾರ್ಷಿಕ ಕೋರ್ಸ್‌ಗಳ ಲಾಭ. ಅದರಾಚೆಗಿನ ಎಪಿಗೆ ಹೆಚ್ಚುವರಿ ಪಾಯಿಂಟ್ ಇಲ್ಲ, ಆದರೆ ಅದರಲ್ಲಿ ಬಂದ ಸಿ ಜಿಪಿಎಯನ್ನು ಇಳಿಸುತ್ತದೆ. ಎಪಿಯಲ್ಲಿ ಬಿ ಬಂದರೆ ಆಕಾಶ ಬೀಳುವುದಿಲ್ಲ. ಎರಡು ಎಪಿಯಲ್ಲಿ ಸಿ ಬಂದರೆ ಆ ವರ್ಷದ ಪಟ್ಟಿಯೇ ತಪ್ಪಿತ್ತೆಂದು ಅರ್ಥ.

ಐಬಿ, ಡ್ಯುಯಲ್ ಎನ್‌ರೋಲ್‌ಮೆಂಟ್

ಐಬಿ ಡಿಪ್ಲೊಮಾ ಬಿಡಿಬಿಡಿಯಾಗಿ ಕೊಳ್ಳುವ ಸಾಮಾನಲ್ಲ, ಎರಡು ವರ್ಷದ ಇಡೀ ಮೂಟೆ: ಆರು ವಿಷಯ, ಸಾಮಾನ್ಯವಾಗಿ ಮೂರು ಹೈಯರ್ ಲೆವೆಲ್ ಮತ್ತು ಮೂರು ಸ್ಟ್ಯಾಂಡರ್ಡ್ ಲೆವೆಲ್, ಜೊತೆಗೆ 4,000 ಪದಗಳವರೆಗಿನ ಎಕ್ಸ್‌ಟೆಂಡೆಡ್ ಎಸ್ಸೆ, ಥಿಯರಿ ಆಫ್ ನಾಲೆಡ್ಜ್ (ಜ್ಞಾನದ ಬಗೆಗಿನ ಕೋರ್ಸ್), ಸಿಎಎಸ್ (ಸೃಜನಶೀಲತೆ, ದೈಹಿಕ ಚಟುವಟಿಕೆ, ಸೇವೆ). ಹೈಯರ್ ಲೆವೆಲ್‌ಗೆ 240 ಬೋಧನಾ ಗಂಟೆ, ಸ್ಟ್ಯಾಂಡರ್ಡ್‌ಗೆ 150 ಎಂಬುದು ಐಬಿಯ ಲೆಕ್ಕ. ಬರೆಯಲು ಬೇಸರಪಡುವ ಮಗುವಿಗೆ ಇದು ಬೇಡ. ಎಕ್ಸ್‌ಟೆಂಡೆಡ್ ಎಸ್ಸೆಯ ಕರಡು 11ರ ಬೇಸಿಗೆಯಲ್ಲಿ ಮುಗಿಯದಿದ್ದರೆ ಕಾಲೇಜು ಅರ್ಜಿಯ ಮೇಲೆಯೇ ಬಂದು ಕೂರುತ್ತದೆ.

ಡ್ಯುಯಲ್ ಎನ್‌ರೋಲ್‌ಮೆಂಟ್ ಎಂದರೆ ಹೈಸ್ಕೂಲಿನಲ್ಲಿದ್ದಾಗಲೇ ಕಾಲೇಜಿನ ಕೋರ್ಸ್ ಓದುವುದು. ಕಮ್ಯುನಿಟಿ ಕಾಲೇಜಿನ (ಸ್ಥಳೀಯ ಎರಡು ವರ್ಷದ ಕಾಲೇಜಿನ) ಕೋರ್ಸ್ ಒಂದೇ ಸೆಮಿಸ್ಟರ್‌ನಲ್ಲಿ ಮುಗಿಯುತ್ತದೆ, ಮೇ ಪರೀಕ್ಷೆಯ ಗೊಡವೆ ಇಲ್ಲ. ಆದರೆ ಅಲ್ಲಿನ ಗ್ರೇಡ್ ಕಾಲೇಜು ದಾಖಲೆಯಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಮುಂದೆ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕುವಾಗಲೂ ಅದು ಹೊರಬರುತ್ತದೆ. ಪ್ರಯೋಗಕ್ಕೆಂದು ಸೇರುವ ಜಾಗ ಅಲ್ಲ.

6. ಫಾರಂ ಕೊಡುವಾಗ

ಒಂದೇ ಸೆಕ್ಷನ್ ಇರುವ, ಅಂದರೆ ಒಂದೇ ಪೀರಿಯಡ್‌ನಲ್ಲಿ ಮಾತ್ರ ಕಲಿಸುವ ಕೋರ್ಸ್‌ಗಳನ್ನು ಮೊದಲು ಗುರುತಿಸಿ. ಫಿಸಿಕ್ಸ್ ಸಿಯೂ ಆರ್ಕೆಸ್ಟ್ರಾವೂ ಒಂದೇ ಪೀರಿಯಡ್‌ಗೆ ಬಿದ್ದರೆ ಕಂಪ್ಯೂಟರ್ ಒಂದನ್ನು ಕಿತ್ತು, ಬದಲಿ ಜಾಗದಲ್ಲಿ ನೀವು ಬರೆದದ್ದನ್ನು ಹಾಕುತ್ತದೆ. ಬದಲಿ ಕೋರ್ಸ್‌ಗಳನ್ನು ಹೆಚ್ಚಿನವರು ಕಣ್ಣುಮುಚ್ಚಿ ಬರೆಯುತ್ತಾರೆ, ಆಗಸ್ಟ್‌ನಲ್ಲಿ ಸೆರಾಮಿಕ್ಸ್ ಕೈಗೆ ಬಂದಾಗ ಗೊತ್ತಾಗುತ್ತದೆ. ಬದಲಿಗೂ ಗಂಟೆ ಲೆಕ್ಕ ಹಾಕಿ.

ಶಾಲೆಯದು 4×4 ಬ್ಲಾಕ್ ವೇಳಾಪಟ್ಟಿಯಾದರೆ (ಅರ್ಧ ವರ್ಷಕ್ಕೆ ನಾಲ್ಕೇ ವಿಷಯ, ಉದ್ದದ ಪೀರಿಯಡ್) ಕೋರ್ಸ್ ಅರ್ಧ ವರ್ಷಕ್ಕೇ ಮುಗಿಯುತ್ತದೆ. ಆಗಸ್ಟ್‌ನಲ್ಲಿ ಶುರುವಾದ ಎಪಿ ಜನವರಿಗೆ ಮುಗಿದು ಪರೀಕ್ಷೆ ಮೇಗೆ ಬಂದರೆ ನಡುವೆ ಮೂರು ನಾಲ್ಕು ತಿಂಗಳ ಮರೆವು. ಎರಡನೇ ಅರ್ಧದ ಸೀಟು ಕೇಳಿ. ಸಿಗದಿದ್ದರೆ ಮಾರ್ಚ್‌ನಿಂದ ವಾರಕ್ಕೆ ಒಂದು ಗಂಟೆ ಪುನರಾವರ್ತನೆಗೆ ಇಡಿ.

ಎಪಿ ಪರೀಕ್ಷೆಗೆ ಹೆಸರು ಕೊಡುವ ಗಡುವು ಮೇ ಸಮೀಪ ಇಲ್ಲ, ನವೆಂಬರ್ ಮಧ್ಯದಲ್ಲಿದೆ; ಶಾಲೆಗಳು ಇನ್ನೂ ಮೊದಲೇ ಕೇಳುತ್ತವೆ. 2025ರಲ್ಲಿ ಅಮೆರಿಕದೊಳಗೆ ಒಂದು ಪರೀಕ್ಷೆಗೆ 99 ಡಾಲರ್, ತಡವಾದರೆ ಇನ್ನೂ 40. ಹೆಸರು ಕೊಟ್ಟು ಬರೆಯದಿದ್ದರೂ 40 ಡಾಲರ್ ಕಟ್ಟಬೇಕಿತ್ತು.

7. ಮೂರನೇ ವಾರದ ತಪಾಸಣೆ

ಕೋರ್ಸ್ ಬದಲಿಸುವ ಗಡುವು ಹಲವು ಶಾಲೆಗಳಲ್ಲಿ ತರಗತಿ ಶುರುವಾದ ಎರಡು ಮೂರು ವಾರಕ್ಕೆ ಮುಗಿಯುತ್ತದೆ. ಅದಾದ ಮೇಲೆ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ‘ಡಬ್ಲ್ಯೂ’ (ವಿತ್‌ಡ್ರಾ, ಕೋರ್ಸ್ ಬಿಟ್ಟ ಗುರುತು) ಬೀಳಬಹುದು. ಶಾಲೆಯ ದಿನಾಂಕವನ್ನು ಮೊದಲ ದಿನವೇ ಫ್ರಿಜ್ ಮೇಲೆ ಅಂಟಿಸಿ. ಮೊದಲ ಎರಡು ವಾರ ಪ್ರತಿ ವಿಷಯಕ್ಕೂ ಎಷ್ಟು ಹೊತ್ತು ಆಯಿತೆಂದು ಬರೆದಿಡಲಿ. ಅಂದಾಜಿಗಿಂತ ಒಂದು ಗಂಟೆ ಹೆಚ್ಚಾದರೆ ಪರವಾಗಿಲ್ಲ, ಹೊಸ ಟೀಚರ್‌ಗೆ ಒಗ್ಗುವವರೆಗೆ ಹಾಗೇ. ಮೂರು ಗಂಟೆ ಹೆಚ್ಚಾದರೆ, ಅಥವಾ ವಾರದಲ್ಲಿ ಮೂರು ರಾತ್ರಿ ಹನ್ನೊಂದು ದಾಟಿದರೆ, ಗಡುವಿನೊಳಗೆ ಕೌನ್ಸೆಲರ್‌ರನ್ನು ನೋಡಬೇಕು.

ಆ ಇಮೇಲನ್ನು ಮಗುವೇ ಬರೆಯಲಿ. “ತುಂಬಾ ಕಷ್ಟವಾಗುತ್ತಿದೆ” ಎಂದಷ್ಟೇ ಬರೆದರೆ ಇನ್ನೆರಡು ವಾರ ನೋಡು ಎಂಬ ಉತ್ತರ ಬರುತ್ತದೆ, ಆ ಎರಡು ವಾರದಲ್ಲಿ ಗಡುವು ದಾಟುತ್ತದೆ. ಹೀಗೆ ಬರೆಯಬಹುದು: “ಎಪಿ ಕೆಮಿಸ್ಟ್ರಿಗೆ ವಾರಕ್ಕೆ 6 ಗಂಟೆ ಅಂದುಕೊಂಡಿದ್ದೆ, 9 ಆಗುತ್ತಿದೆ. ಮೊದಲ ಎರಡು ಕ್ವಿಝ್‌ನಲ್ಲಿ 68 ಮತ್ತು 71 ಬಂದಿದೆ. ಟೀಚರ್ ಜೊತೆ ಮಂಗಳವಾರ ಮಾತಾಡಿದ್ದೇನೆ. ನಾಲ್ಕನೇ ಪೀರಿಯಡ್‌ನ ಆನರ್ಸ್ ಫಿಸಿಕ್ಸ್‌ನಲ್ಲಿ ಸೀಟಿದೆಯೇ? ಶುಕ್ರವಾರದೊಳಗೆ ಬದಲಿಸಲು ಯಾವ ಫಾರಂ ಬೇಕು?”